ಹದಿನಾಲ್ಕನೆಯ ನಂಬರಿನ ಗೈರುಹಾಜರಿ

ಮಲಬಾರಿನ ವಡಗರ ಪೇಟೆಯ ಹಿಂದಿರುವ ಆಲಿಂಗಲ್ ಓಣಿಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಒಬ್ಬ ಮೇಷ್ಟರ ತಲೆಗೇ ಬೀಳುತ್ತದೆ. ಅಲ್ಲಿ ಮೇಷ್ಟರನ್ನು 'ಮಾಷ್' ಅನ್ನುತ್ತಾರೆ. ಕಣಾರನ್ ಮಾಷ್, ಪೊಕ್ಕನ್ ಮಾಷ್, ಡ್ರಿಲ್ಲು ಕಲಿಸುತ್ತಿದ್ದ ಮೊಯ್ದು ಮಾಷ್, ಮೂರೇ ತಿಂಗಳು ಬದಲಿ ಕೆಲಸ ಮಾಡಿ ಆಮೇಲೆ ಸಿಮೆಂಟು ಅಂಗಡಿ ಹಾಕಿದ ನಾಣು ಮಾಷ್. ಒಮ್ಮೆ ಮಾಷ್ ಆದವನು ಸತ್ತ ಮೇಲೂ ಮಾಷ್. ಆ ಓಣಿಯಲ್ಲಿ ಮಾಷ್ ಅಲ್ಲದ ಗಂಡಸರು ಇಬ್ಬರೇ. ಒಬ್ಬ ಮೀನು ಮಾರುವ ಅಸ್ಸೈನಾರ್. ಇನ್ನೊಬ್ಬರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿ ಸವೆದು ನಿವೃತ್ತರಾದ ಗೋವಿಂದ ಕುರುಪ್.

ಅಸ್ಸೈನಾರನಿಗೆ ಇದರಿಂದ ಯಾವ ಬೇಜಾರೂ ಇರಲಿಲ್ಲ. ಕುರುಪ್‌ಗೆ ಇತ್ತು.

ಅದು ಹುಣ್ಣಾಗಿ ಒಡೆದದ್ದು ಓಣಿಯ ವಾಚನಾಲಯದ ವಾರ್ಷಿಕೋತ್ಸವದ ದಿನ. ಕರಪತ್ರದಲ್ಲಿ ಅಚ್ಚಾಗಿತ್ತು: ಅಧ್ಯಕ್ಷತೆ ಕಣಾರನ್ ಮಾಷ್, ಸ್ವಾಗತ ಪೊಕ್ಕನ್ ಮಾಷ್, ವಂದನಾರ್ಪಣೆ ಕುರುಪ್. ಬರೀ ಕುರುಪ್. ಹಿಂದೆ ಮುಂದೆ ಒಂದು ಬಾಲವಿಲ್ಲ, ಕೊಂಬಿಲ್ಲ. ಅವರು ವಂದನೆಗೆ ಎದ್ದು ನಿಲ್ಲುವಷ್ಟರಲ್ಲಿ ಜನ ಬಿರಿಯಾನಿಯ ಕಡೆ ಹೊರಟಾಗಿತ್ತು, ಮೈಕಿನವನು ವಯರು ಸುತ್ತುತ್ತಿದ್ದ. ಆದರೂ ಕುರುಪ್ ಇಪ್ಪತ್ತು ನಿಮಿಷ ಮಾತಾಡಿದರು.

"ಚೆನ್ನಾಗಿ ಮಾತಾಡಿದೆ ಕುರುಪ್," ಅಂದರು ಕಣಾರನ್ ಮಾಷ್ ಕೈ ತೊಳೆಯುತ್ತ. "ಕೇಳೋಕೆ ಜನ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಮಾರನೆಯ ಬೆಳಗ್ಗೆ ಕುರುಪ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಸಾರಿದರು. "ನಾನು ಎಂ.ಎ. ಮಾಡ್ತೀನಿ."

ಜಾನು ಮತ್ತಿ ಮೀನಿನ ತಲೆ ಕತ್ತರಿಸುತ್ತಿದ್ದರು. "ಯಾಕೆ, ಸ್ವರ್ಗದ ಬಾಗಿಲಲ್ಲಿ ಸರ್ಟಿಫಿಕೇಟು ಕೇಳ್ತಾರಂತಾ?"

"ಚರಿತ್ರೆ. ಅಂಚೆಯಲ್ಲಿ ಅಲ್ಲ. ದಿನಾ ಯೂನಿವರ್ಸಿಟಿಗೆ ಹೋಗಿ, ಬೆಂಚಿನ ಮೇಲೆ ಕೂತು."

"ಕೂತ್ಕೋತೀರಿ ಸರಿ. ಏಳೋಕೆ ಯಾರನ್ನ ಕರೀತೀರಿ? ನಿನ್ನೆ ಬಚ್ಚಲ ಮಣೆಯಿಂದ ಏಳಿಸೋಕೆ ನನ್ನ ಕೂಗಿದ್ರಿ."

ವಿಶ್ವವಿದ್ಯಾಲಯದ ಚರಿತ್ರೆ ವಿಭಾಗದಲ್ಲಿ ಸೀಟು ಇಪ್ಪತ್ನಾಲ್ಕು, ಅರ್ಜಿ ಇಪ್ಪತ್ಮೂರು. ಬೇಡ ಎನ್ನುವ ಸೊಕ್ಕು ಮಾಡುವ ಸ್ಥಿತಿಯಲ್ಲಿ ವಿಭಾಗ ಇರಲಿಲ್ಲ. ಅರ್ಜಿ ತುಂಬಿಸಿಕೊಳ್ಳುವ ಗುಮಾಸ್ತೆ ಕೇಳಿದ್ದು ಒಂದೇ ಪ್ರಶ್ನೆ. "ಪೋಷಕರ ಹೆಸರು?"

"ಅಪ್ಪ ತೀರಿಕೊಂಡು ನಲವತ್ತು ವರ್ಷ ಆಯ್ತು."

"ಅದು ನಿಮ್ಮ ಮನೆ ವಿಷಯ. ಇಲ್ಲಿ ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ."

ಕುರುಪ್ ತಲೆ ಕೆರೆದುಕೊಂಡು ಹೆಂಡತಿಯ ಹೆಸರು ಹೇಳಿದರು. ಕಂಪ್ಯೂಟರಿಗೆ ಸಂತೋಷವಾಯಿತು.

ತರಗತಿಯ ಮೊದಲ ದಿನ ಬಸ್ಸು ಕೆಟ್ಟು ಕಾಲು ಗಂಟೆ ತಡವಾಯಿತು. ಗಂಜಿ ಹಾಕಿದ ಬಿಳಿ ಪಂಚೆ, ಬಿಳಿ ಷರಟು, ಕಂಕುಳಲ್ಲಿ ಕಪ್ಪು ಕೊಡೆ, ಕೈಯಲ್ಲಿ ಕಚೇರಿಯ ಕಾಲದ ಚರ್ಮದ ಚೀಲ, ತಲೆಯ ಮೇಲೆ ಹತ್ತಿಯಂಥ ಕೂದಲು. ಈ ಅವತಾರದಲ್ಲಿ ಕುರುಪ್ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಒಳಗಿದ್ದ ಇಪ್ಪತ್ತೆರಡು ಜನ ದಡಬಡನೆ ಎದ್ದು ನಿಂತರು.

"ಗುಡ್ ಮಾರ್ನಿಂಗ್ ಮಾಷೇ!"

ಸಭ್ಯ ಮನುಷ್ಯನಾದವನು ಆ ಕ್ಷಣ ಏನು ಮಾಡಬೇಕೆಂಬುದು ನಮಗೂ ನಿಮಗೂ ಗೊತ್ತು. 'ಅಯ್ಯೋ ಮಕ್ಕಳೇ, ನಾನೂ ನಿಮ್ಮ ಹಾಗೇ ಕಲಿಯೋಕೆ ಬಂದವನು' ಎಂದು ನಕ್ಕು ಒಂದು ಬೆಂಚು ಹುಡುಕಿಕೊಳ್ಳಬೇಕು. ಕುರುಪ್ ಹಾಗೆ ಹೇಳಲೆಂದು ಬಾಯಿ ತೆರೆದದ್ದು ನಿಜ. ಆದರೆ ಹೊರಬಿದ್ದದ್ದು ಒಂದೇ ಪದ.

"ಕೂತ್ಕೊಳ್ಳಿ."

ಇಪ್ಪತ್ತೆರಡು ಜನ ಕೂತರು. ಮೂವತ್ತನಾಲ್ಕು ವರ್ಷದಲ್ಲಿ ಅವರ ಮಾತಿಗೆ ಕಚೇರಿಯ ಬೆಕ್ಕು ಕೂಡ ಕೂತದ್ದಿಲ್ಲ. ಕುರುಪ್ ಕೊಡೆಯನ್ನು ಗೋಡೆಗೆ ಒರಗಿಸಿ ಕುರ್ಚಿಯ ಮೇಲೆ ಕೂತರು.

ದಪ್ಪ ಕನ್ನಡಕದ ಹುಡುಗಿಯೊಬ್ಬಳು ಹಾಜರಿ ಪುಸ್ತಕ ತಂದು ಮುಂದಿಟ್ಟಳು. ಅವಳು ಫಿದಾ ಜಬೀನ್, ತರಗತಿಯ ನಾಯಕಿ. "ಗೆಸ್ಟ್ ಮಾಷ್ ಬರ್ತಾರೆ ಅಂತ ಹೇಳಿದ್ರು, ನೀವೇ ಅಂತ ಗೊತ್ತಿರ್ಲಿಲ್ಲ. ನಿಮ್ಮ ಹೆಸರು ಮಾಷೇ?"

"ಒತಯೋತ್," ಅಂದರು ಕುರುಪ್. ಅದು ಅವರ ಮನೆತನದ ಹೆಸರು. ಸುಳ್ಳು ಹೇಳಿದ ಪಾಪ ಬರಲಿಲ್ಲ, ನಿಜ ಹೇಳಿದ ಕಷ್ಟವೂ ಬರಲಿಲ್ಲ.

ಹಾಜರಿ ಕರೆಯತೊಡಗಿದರು. ಹದಿಮೂರರವರೆಗೆ ಸರಾಗವಾಗಿ ಹೋಯಿತು. ಹದಿನಾಲ್ಕರ ಮೇಲೆ ಬೆರಳು ನಿಂತಿತು.

"ಗೋವಿಂದ ಕುರುಪ್."

ಉತ್ತರವಿಲ್ಲ. ಇನ್ನೊಮ್ಮೆ ಕರೆದರು, ಯಾರಾದರೂ ಪುಣ್ಯಾತ್ಮ ಓಗೊಟ್ಟಾನೇನೋ ಎಂಬ ಆಸೆಯಿಂದ.

"ಯಾರೋ ಮುದುಕ ಅಂತೆ ಮಾಷೇ," ಎಂದ ಹಿಂದಿನ ಬೆಂಚಿನ ಷಿನೋಜ್. ಗಡ್ಡವನ್ನೇ ವಿದ್ಯಾಭ್ಯಾಸವೆಂದು ತಿಳಿದಿದ್ದ ಹುಡುಗ. "ಆಫೀಸಲ್ಲಿ ಹೇಳ್ತಿದ್ರು. ಈ ವಯಸ್ಸಲ್ಲಿ ಯಾಕಪ್ಪಾ ಬೇಕು! ಹಾಸಿಗೆಯಿಂದ ಎದ್ದಿರಲ್ಲ ಬಿಡಿ."

ತರಗತಿ ಗೊಳ್ಳೆಂದಿತು. ಮಾಷ್ ಕೂಡ ನಗಬೇಕಾಗುತ್ತದೆ, ಇಲ್ಲದಿದ್ದರೆ ಅನುಮಾನ. ಕುರುಪ್ ನಕ್ಕು, ತಮ್ಮ ಹೆಸರಿನ ಮುಂದೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ 'ಗೈರು' ಎಂದು ಬರೆದರು.

ಇನ್ನು ಪಾಠ. ವೇಳಾಪಟ್ಟಿಯಲ್ಲಿ 'ಮಧ್ಯಕಾಲೀನ ಮಲಬಾರಿನ ಭೂವ್ಯವಸ್ಥೆ' ಎಂದಿತ್ತು. ಭೂಮಿಯ ಹೆಸರು ಕಂಡದ್ದೇ ಕುರುಪ್‌ಗೆ ಜೀವ ಬಂತು. "ಬರ್ಕೊಳ್ಳಿ," ಎಂದು ಕಣ್ಣು ಮುಚ್ಚಿ, ಬಾಯಿಪಾಠವಾಗಿದ್ದ ಒಂದು ಕ್ರಯಪತ್ರವನ್ನು ಶುರು ಮಾಡಿದರು. ಪೂರ್ವಕ್ಕೆ ಚಾತ್ತುವಿನ ಹಲಸಿನ ಮರ, ಪಶ್ಚಿಮಕ್ಕೆ ಸಾರ್ವಜನಿಕ ಕಾಲುದಾರಿ, ಉತ್ತರಕ್ಕೆ ಬೀಡಿ ಕಟ್ಟುವ ಕುಂಞಾಮಿಯ ಬೇಲಿ. ನಾದಾಪುರದ ಬಸ್ ನಿಲ್ದಾಣದ ಹಿಂದಿನ ಆರು ಸೆಂಟ್ಸು ಜಾಗಕ್ಕೆ ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ಆದ ಪತ್ರ ಅದು. ಇಪ್ಪತ್ತೆರಡು ಪೆನ್ನುಗಳು ಓಡಿದವು. ಬೆಂಚಿನಲ್ಲಿ ಕೂತವನಿಗೆ ಬರೆದುಕೊಳ್ಳಲು ಏನಾದರೂ ಸಿಕ್ಕರೆ ಸಾಕು, ಅದು ಏನು ಎಂಬ ಚಿಂತೆ ಇರುವುದಿಲ್ಲ.

ಷಿನೋಜ್ ಒಬ್ಬನೇ ಕೈ ಎತ್ತಿದ. "ಮಾಷೇ, ಈ ಚಾತ್ತು ಯಾವ ಶತಮಾನದವನು?"

ಕುರುಪ್ ಕಿಟಕಿಯ ಹೊರಗೆ ನೋಡಿದರು. "ಒಳ್ಳೆ ಪ್ರಶ್ನೆ. ಅದನ್ನ ಮುಂದಿನ ಕ್ಲಾಸಲ್ಲಿ ನೋಡೋಣ."

ಆ ಒಂದು ವಾಕ್ಯದೊಂದಿಗೆ ಅವರು ಪೂರ್ಣಪ್ರಮಾಣದ ಪ್ರಾಧ್ಯಾಪಕರಾದರು.

ಇದನ್ನು ಯಾರೂ ಹಿಡಿಯಲಿಲ್ಲವೇ ಎಂದು ನೀವು ಕೇಳಬಹುದು. ವಿಭಾಗದ ಮುಖ್ಯಸ್ಥೆ ಡಾಕ್ಟರ್ ತಂಕಮಣಿ ಟೀಚರ್, ಇವರನ್ನು ಆಡಳಿತ ಕಚೇರಿ ಕಳಿಸಿದೆ ಎಂದುಕೊಂಡರು. ಆಡಳಿತ ಕಚೇರಿ, ತಂಕಮಣಿ ಟೀಚರ್ ಹಿಡಿದು ತಂದಿದ್ದಾರೆ ಎಂದುಕೊಂಡಿತು. ನಿಜವಾದ ಗೆಸ್ಟ್ ಮಾಷ್ ಅದೇ ದಿನ ಬಂದು ಕಿಟಕಿಯಲ್ಲಿ ಇಣುಕಿ, ಬಿಳಿ ತಲೆಯೊಂದು ಪಾಠ ಮಾಡುತ್ತಿರುವುದನ್ನು ಕಂಡು, 'ಶಿಫಾರಸಿನ ಮುದಿಗೂಬೆ ನುಗ್ಗಿದೆ' ಎಂದು ಶಪಿಸಿ ಕಣ್ಣೂರಿನ ಬಸ್ಸು ಹತ್ತಿದ. ಉಳಿದ ಮೂರು ಪೇಪರುಗಳನ್ನು ತಂಕಮಣಿ ಟೀಚರೇ ನೋಡಿಕೊಳ್ಳುತ್ತಿದ್ದರು, ಅಂದರೆ ತರಗತಿಯ ವಾಟ್ಸಾಪಿಗೆ ಕಡತ ಎಸೆದು ವಿಚಾರಸಂಕಿರಣಗಳಿಗೆ ಹೋಗುತ್ತಿದ್ದರು. ಹೀಗಾಗಿ ಆ ವಿಭಾಗದಲ್ಲಿ ನಿಜವಾಗಿ ನಡೆಯುತ್ತಿದ್ದದ್ದು ಕುರುಪ್ ಅವರ ಪಾಠ ಒಂದೇ. ಪಾಠ ನಡೆಯದಿದ್ದರೆ ಯಾಕೆಂದು ಕೇಳುವವರು ಎಲ್ಲಾದರೂ ಇದ್ದಾರು, ನಡೆಯುತ್ತಿರುವಾಗ ಯಾಕೆ ನಡೆಯುತ್ತಿದೆ ಎಂದು ಕೇಳುವವರು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.

ಎರಡನೆಯ ದಿನ ಕುರುಪ್ ನಿಜ ಹೇಳಿಬಿಡಬೇಕೆಂದು ಶಪಥ ಮಾಡಿಕೊಂಡೇ ಹೊರಟಿದ್ದರು. ಆದರೆ ಫಿದಾ ಬಿಸಿ ಚಹಾದ ಜೊತೆ ತಟ್ಟೆಯಲ್ಲಿ ಬಾಳೆಹಣ್ಣಿನ ಬಜ್ಜಿ ಇಟ್ಟಳು. ಬಜ್ಜಿ ತಿಂದ ಬಾಯಲ್ಲಿ ಅಂಥ ಮಾತು ಹೇಗೆ ಹೇಳುವುದು? ಮೂರನೆಯ ದಿನ ಮುಷ್ಕರ. ನಾಲ್ಕನೆಯ ದಿನಕ್ಕೆ ಅಭ್ಯಾಸವಾಗಿತ್ತು.

ಆಮೇಲೆ ಬಸ್ಸಿನ ಪ್ರಸಂಗ. ಒಂದು ಸಂಜೆ ತುಂಬಿದ ಬಸ್ಸಿನಲ್ಲಿ ಕುರುಪ್ ನೇತಾಡುತ್ತಿದ್ದಾಗ ಷಿನೋಜ್ ಅವರನ್ನು ಕಂಡು, ಸೀಟಿನಲ್ಲಿ ಕೂತಿದ್ದ ಒಬ್ಬ ಮುದುಕರ ಭುಜ ತಟ್ಟಿದ. "ಅಜ್ಜಾ, ಸ್ವಲ್ಪ ಏಳ್ತೀರಾ? ನಮ್ಮ ಯೂನಿವರ್ಸಿಟಿ ಮಾಷ್ ನಿಂತಿದ್ದಾರೆ."

ಅಜ್ಜ ತಲೆ ಎತ್ತಿದರು. ಕಣಾರನ್ ಮಾಷ್.

"ಯಾವ ಮಾಷ್?"

"ಇವರೇ. ಎಂ.ಎ.ಗೆ ಪಾಠ ಮಾಡೋರು."

ಕಣಾರನ್ ಮಾಷ್ ಕುರುಪ್ ಮುಖವನ್ನು ನೋಡಿದರು. ಕುರುಪ್ ಟಿಕೆಟಿನ ಹಿಂಬದಿಯನ್ನು ಬಹಳ ಗಮನವಿಟ್ಟು ಓದುತ್ತಿದ್ದರು. ಮೂವತ್ತು ವರ್ಷ ಒಂದನೆಯ ಕ್ಲಾಸಿಗೆ ಅ ಆ ಇ ಈ ಕಲಿಸಿದ ಮಾಷ್ ಎದ್ದು ನಿಂತರು, ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತ ಕೂತ.

ಮಾರನೆಯ ಬೆಳಗಿನೊಳಗೆ ಓಣಿಗೆಲ್ಲ ಸುದ್ದಿ. "ಕಲಿಯೋಕೆ ಹೋದ್ರಂತೆ, ಬುದ್ಧಿ ನೋಡಿ ಅಲ್ಲೇ ಕಲಿಸೋಕೆ ಇಟ್ಕೊಂಡ್ರಂತೆ," ಎಂದು ಅಸ್ಸೈನಾರ್ ಮೀನಿನ ಜೊತೆಗೆ ಮನೆಮನೆಗೆ ಹಂಚಿದ. "ಕುರುಪ್ ಮಾಷೇ, ಅಯ್ಕೂರ ಮೀನು ಬಂದಿದೆ, ತಾಜಾ!" ಎಂದು ಅವನು ಬೇಲಿಯಾಚೆಯಿಂದ ಕೂಗಿದಾಗ ಕುರುಪ್ ಕಣ್ಣಲ್ಲಿ ನೀರು ಬಂತು. ಓಣಂ ಹಬ್ಬದ ಪ್ರಬಂಧ ಸ್ಪರ್ಧೆಗೆ ವಾಚನಾಲಯದವರು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ವಂದನಾರ್ಪಣೆ ಕಣಾರನ್ ಮಾಷ್‌ಗೆ ಬಿತ್ತು.

ಜಾನು ಒಬ್ಬರೇ ನಂಬಲಿಲ್ಲ. "ನೀವು ಹೋಗಿದ್ದು ಕಲಿಯೋಕೆ ತಾನೆ?"

"ಅಲ್ಲಿ ವಯಸ್ಸಾದವರನ್ನ ಗೌರವಕ್ಕೆ ಹಾಗೆ ಕರೀತಾರೆ."

"ನಿಮ್ಮನ್ನಾ? ಗೌರವಕ್ಕಾ?" ಎಂದು ಅವರು ಪುಟ್ಟು ಬೇಯಿಸುವ ಕೊಳವೆಗೆ ಅಕ್ಕಿಹಿಟ್ಟು ತುಂಬಿದರು.

ಇತ್ತ ಹದಿನಾಲ್ಕನೆಯ ನಂಬರು ತರಗತಿಯ ದಂತಕಥೆಯಾಯಿತು. ದಿನವೂ ಕುರುಪ್ ಆ ಹೆಸರು ಕರೆಯುವುದು, ದಿನವೂ ತರಗತಿ ನಗುವುದು, ದಿನವೂ ಗೈರು. ಒಮ್ಮೆ ಧೈರ್ಯ ಮಾಡಿ ಹೆಸರು ಕರೆಯದೆ 'ಹಾಜರು' ಎಂದು ಗೀಚಲು ಹೋದರು. ಫಿದಾ ಮೇಜಿನ ಪಕ್ಕದಲ್ಲೇ ನಿಂತಿದ್ದಳು. "ಮಾಷೇ, ಹದಿನಾಲ್ಕು ಆಬ್ಸೆಂಟು. ತಪ್ಪಿ ಬರೀತಿದ್ದೀರಿ." ಹುಡುಗಿಗೆ ಬೇರೆ ಏನೂ ಕಾಣಿಸದಿದ್ದರೂ ಇದು ಕಾಣಿಸಿತು. ಮಾಷ್ ತಿದ್ದಿಕೊಂಡರು.

ಒಂದು ದಿನ ಷಿನೋಜ್ ಗಂಭೀರವಾಗಿ ಎದ್ದು ನಿಂತ. "ಮಾಷೇ, ಆ ಮುದುಕ ಸತ್ತೇ ಹೋಗಿರಬೇಕು. ಒಂದು ನಿಮಿಷ ಮೌನ ಆಚರಿಸಿ ಕ್ಲಾಸು ಬಿಟ್ಟುಬಿಡೋಣ್ವಾ?"

ಕ್ಲಾಸು ಬಿಡುವ ಮಾತಿಗೆ ತರಗತಿ ಒಕ್ಕೊರಲಿಂದ ಕಣ್ಣೀರಿಟ್ಟಿತು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ತರಗತಿ ನಿಂತಿರುವಾಗ ಮಾಷ್ ಕೂತಿರಲಾದೀತೇ? ಗೋವಿಂದ ಕುರುಪ್ ಎದ್ದು ನಿಂತು, ಗೋವಿಂದ ಕುರುಪ್ ಅವರ ಆತ್ಮಕ್ಕೆ ಪೂರಾ ಒಂದು ನಿಮಿಷ ಶಾಂತಿ ಕೋರಿದರು.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ತಂಕಮಣಿ ಟೀಚರ್ ಕರೆಸಿದರು. ಹಾಜರಿ ಸಾಲದವರ ಪಟ್ಟಿ ಮೇಜಿನ ಮೇಲಿತ್ತು. ಅದರಲ್ಲಿ ಇದ್ದದ್ದು ಒಂದೇ ಹೆಸರು.

"ಏನು ಮಾಷೇ ಇದು? ಹದಿನಾಲ್ಕು ಒಂದೇ ಒಂದು ದಿನವೂ ಬಂದಿಲ್ವಲ್ಲ! ಮನೆಯವರಿಗೆ ನೋಟೀಸು ಬರೀರಿ. ಸ್ವಲ್ಪ ಖಾರವಾಗೇ ಇರಲಿ."

"ವಯಸ್ಸಾದ ಮನುಷ್ಯ ಟೀಚರ್," ಕುರುಪ್ ತೊದಲಿದರು. "ಏನು ಕಷ್ಟವೋ ಏನೋ. ಒಂದು ಸಲ ಬಿಟ್ಟುಬಿಟ್ರೆ..."

"ವಯಸ್ಸಾದವರಿಗೇ ಶಿಸ್ತು ಇಲ್ಲ ಅಂದ್ರೆ ಹೇಗೆ? ನಿಮ್ಮನ್ನೇ ನೋಡಿ, ಒಂದು ದಿನ ತಪ್ಪಿಸಿದ್ದೀರಾ?"

ಕುರುಪ್ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದರು. ಕೂತು ಬರೆದರು. ಕಚೇರಿಯ ಭಾಷೆ ಅವರಿಗೆ ನೀರು ಕುಡಿದಷ್ಟು ಸುಲಭ, ಬರೆಯುತ್ತ ಬರೆಯುತ್ತ ಕೈಗೆ ಹುರುಪೂ ಬಂತು. ಟೀಚರ್ ಓದಿ ಮೆಚ್ಚಿ, ಟೈಪು ಮಾಡಿಸಿ, ಆಗಲೇ ರಿಜಿಸ್ಟರ್ ಅಂಚೆಗೆ ಹಾಕಿಸಿದರು. ಎರಡು ದಿನ ಕುರುಪ್ ಹೊಟ್ಟೆನೋವೆಂದು ಮನೆಯಲ್ಲಿ ಕೂತು ಅಂಚೆಯವನನ್ನು ಕಾದರು. ಮೂರನೆಯ ದಿನ ಹೊಟ್ಟೆನೋವಿಗೆ ಜಾನು ಕಷಾಯ ಕುದಿಸತೊಡಗಿದ್ದು ಕಂಡು ಪಾಠಕ್ಕೆ ಓಡಿದರು. ಅಂಚೆ ಬಂದದ್ದು ಅವತ್ತು.

ಜಾನುವಿಗೆ ಕನ್ನಡಕ ಸಿಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಕಣಾರನ್ ಮಾಷ್‌ಗೆ ಕೊಟ್ಟು ಓದಿಸಿದರು. ಮಾಷ್ ಜಗುಲಿಯ ಮೇಲೆ ನಿಂತು, ಎದೆ ಸೆಟೆಸಿ, ಓಣಿಯ ತುದಿಗೆ ಕೇಳುವಂತೆ ಓದಿದರು. ಮೂವತ್ತು ವರ್ಷದ ಸೇವೆಯಲ್ಲಿ ಅವರು ಅಷ್ಟು ಸ್ಪಷ್ಟವಾಗಿ ಯಾವ ಪಾಠವನ್ನೂ ಓದಿದ್ದಿಲ್ಲ.

"ನಿಮ್ಮ ಆಶ್ರಯದಲ್ಲಿರುವ ಗೋವಿಂದ ಕುರುಪ್ ಎಂಬ ವಿದ್ಯಾರ್ಥಿಯು ಈ ವರ್ಷ ಒಂದು ದಿನವೂ ತರಗತಿಗೆ ಹಾಜರಾಗಿರುವುದಿಲ್ಲ. ಸದರಿಯವರು ಮನೆಯಿಂದ ಹೊರಟು ಎಲ್ಲಿ, ಯಾರ ಸಹವಾಸದಲ್ಲಿ ಕಾಲಹರಣ ಮಾಡುತ್ತಿದ್ದಾರೆಂಬುದನ್ನು ಪೋಷಕರು ಕೂಡಲೇ ವಿಚಾರಿಸತಕ್ಕದ್ದು."

'ಯಾರ ಸಹವಾಸದಲ್ಲಿ' ಎಂಬುದನ್ನು ಕಣಾರನ್ ಮಾಷ್ ಯಾರೂ ಕೇಳದಿದ್ದರೂ ಎರಡು ಸಲ ಓದಿದರು.

ಕುರುಪ್ ಸಂಜೆ ಮನೆಗೆ ಬಂದಾಗ ಜಗುಲಿಯ ಮೇಲೆ ಜಾನುವಿನ ಅಣ್ಣ ಕೂತಿದ್ದರು. ಪೊಲೀಸು ಇಲಾಖೆಯಿಂದ ನಿವೃತ್ತರಾದ ಅವರ ಹೆಸರೇ 'ಕೇಳು'. ಹೆಸರಿಗೆ ತಕ್ಕಂತೆ ಜೀವಮಾನವಿಡೀ ಕೇಳುವುದೇ ಕೆಲಸ. ಬೇಲಿಯ ಮೇಲೆ ಓಣಿಯ ತಲೆಗಳೆಲ್ಲ ಸಾಲಾಗಿದ್ದವು.

"ಇವತ್ತು ಪಾಠ ಆಯ್ತಾ?" ಜಾನು ಜೇನು ಸುರಿಯುವ ದನಿಯಲ್ಲಿ ಕೇಳಿದರು.

"ಆಯ್ತು."

"ಯಾರು ಮಾಡಿದ್ರು?"

"ಮಾಷ್."

"ಯಾವ ಮಾಷ್?"

"ಒಬ್ಬರು... ಒಳ್ಳೆ ಮಾಷ್."

ನೋಟೀಸು ಮೂಗಿನ ಕೆಳಗೆ ಬಂತು. ಕೇಳು ಎದ್ದು ನಿಂತರು. "ಹೆಂಡವಾ, ಇಸ್ಪೀಟಾ, ಹೆಣ್ಣಾ? ಒಂದಕ್ಕೆ ತಲೆ ಆಡಿಸಿ ಭಾವ, ಉಳಿದಿದ್ದನ್ನ ನಾನು ನೋಡ್ಕೋತೀನಿ."

ಕುರುಪ್ ಯೋಚಿಸಿದರು. ನಿಜ ಹೇಳಿದರೆ ಬೇಲಿಯ ಮೇಲಿನ ಅಷ್ಟೂ ತಲೆಗಳ ಮುಂದೆ ಮಾಷ್ ಎಂಬ ಹೆಸರು ಹೋಗುತ್ತದೆ. ಅದಕ್ಕಿಂತ ಇಸ್ಪೀಟು ಒಪ್ಪಿಕೊಳ್ಳುವುದು ಮೇಲು. ಆದರೆ ಆಡಲು ಬರುವುದಿಲ್ಲ, ಕೇಳು ಒಂದು ಪಂದ್ಯ ಆಡಿಸಿ ನೋಡುವ ಜಾತಿಯ ಮನುಷ್ಯ. ಹೆಣ್ಣೆಂದರೆ ಜಾನುವಿನ ಕೈಯಲ್ಲಿ ಮೀನಿನ ಕತ್ತಿ ಇದೆ. ಕುರುಪ್ ಒಳಗೆ ಹೋಗಿ ಮಲಗಿದರು.

"ಹೆಣ್ಣೇ," ಎಂದರು ಕೇಳು.

ಮಾರನೆಯ ದಿನ ಕುರುಪ್ ಬಸ್ಸು ಹತ್ತಿದ ಅರ್ಧ ಗಂಟೆಗೆ, ಮುಂದಿನ ಬಸ್ಸಿನಲ್ಲಿ ಜಾನು, ಕೇಳು, ಮತ್ತು ಯಾರೂ ಕರೆಯದಿದ್ದರೂ ಸಾಕ್ಷಿಗೆಂದು ಕಣಾರನ್ ಮಾಷ್ ಹೊರಟರು. ತಂಕಮಣಿ ಟೀಚರ್ ತಲೆ ಎತ್ತದೆ ಕಡತಕ್ಕೆ ಸಹಿ ಹಾಕುತ್ತಲೇ, ಯಾವ ಪೋಷಕರು ಬಂದರೂ ಆಡುವ ಮಾತನ್ನೇ ಆಡಿದರು.

"ಹದಿನಾಲ್ಕನೇ ನಂಬರಿನ ಕಡೆಯವರಾ? ಕೂತ್ಕೊಳ್ಳಿ. ನೀವು ಹುಡುಗನ ತಾಯಿನಾ?"

"ಹೆಂಡತಿ."

"ನೋಡಿ, ಓದೋ ವಯಸ್ಸಲ್ಲಿ ಮದುವೆ ಮಾಡಿದ್ರೆ ಹೀಗೇ ಆಗೋದು."

"ಮದುವೆ ಆಗಿ ಮೂವತ್ತೆಂಟು ವರ್ಷ ಆಯ್ತು," ಎಂದರು ಜಾನು.

ಟೀಚರ್‌ಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಕಡತದಲ್ಲಿ ಬೆರೆಯಿತು. "ಅವರ ಮಾಷ್‌ನೇ ಕರೆಸ್ತೀನಿ. ಬಹಳ ನಿಷ್ಠಾವಂತರು. ಎಲ್ಲಾ ಅವರ ಬಾಯಿಂದಲೇ ಕೇಳಿ."

ಜವಾನ ಹೋದ. ಸ್ವಲ್ಪ ಹೊತ್ತಿಗೆ ಕಂಕುಳಲ್ಲಿ ಹಾಜರಿ ಪುಸ್ತಕ, ಬೆರಳಲ್ಲಿ ಸೀಮೆಸುಣ್ಣದ ಪುಡಿ ಮೆತ್ತಿದ ಮಾಷ್ ಒಳಗೆ ಬಂದರು. ಹಿಂದೆ ಚಹಾದ ಲೋಟ ಹಿಡಿದ ಫಿದಾ.

"ಇವರೇ!" ಎಂದು ಕೂಗಿದರು ಜಾನು.

"ಹೌದು, ಇವರೇ ಅವರ ಮಾಷ್," ಎಂದರು ಟೀಚರ್.

"ಮಾಷೂ ಇಲ್ಲ, ಮಣ್ಣೂ ಇಲ್ಲ! ಇವರೇ ನನ್ನ ಗಂಡ! ಇವರೇ ನಿಮ್ಮ ಹದಿನಾಲ್ಕು!"

"ಸಾಧ್ಯವೇ ಇಲ್ಲ. ಹದಿನಾಲ್ಕು ಒಂದು ದಿನವೂ ಬಂದಿಲ್ಲ. ಇವರೇ ಬರೆದಿದ್ದಾರಲ್ಲ?"

ಕೇಳು ಹಾಜರಿ ಪುಸ್ತಕ ಕಿತ್ತುಕೊಂಡು ಹಾಳೆ ತಿರುವಿದರು. ಇಲಾಖೆಯಲ್ಲಿದ್ದಾಗ ಅವರು ಎಷ್ಟೋ ಕಳ್ಳರನ್ನು ಹಿಡಿದಿದ್ದರು. ತನ್ನ ಮೇಲೆ ತಾನೇ ದಿನವೂ ದೂರು ಬರೆದುಕೊಂಡ ಕಳ್ಳನನ್ನು ಕಂಡಿರಲಿಲ್ಲ. ಕಣಾರನ್ ಮಾಷ್ ಗೋಡೆಯ ಕಡೆ ತಿರುಗಿ ನಿಂತರು. ಅವರ ಬೆನ್ನು ಕುಲುಕುತ್ತಿತ್ತು.

"ನಾನು ಮಾಷ್ ಅಂತ ಒಂದು ದಿನವೂ ಹೇಳಿಲ್ಲ ಟೀಚರ್," ಎಂದರು ಕುರುಪ್ ಸಣ್ಣ ದನಿಯಲ್ಲಿ. "ಅವರು ಎದ್ದು ನಿಂತರು, ನಾನು ಕೂತ್ಕೊಳ್ಳಿ ಅಂದೆ. ಅಷ್ಟೇ."

ಫಿದಾಳ ಕೈಯಲ್ಲಿದ್ದ ಚಹಾ ತುಳುಕಿತು. "ಮಾಷೇ," ಎಂದಳು, "ಹಾಗಾದ್ರೆ ಆ ನೋಟ್ಸು?"

ಕುರುಪ್ ಬೆರಳಿನ ಸೀಮೆಸುಣ್ಣವನ್ನು ಪಂಚೆಗೆ ಒರೆಸಿಕೊಂಡರು.

ವಿಚಾರಣೆಗೆ ಮೂವರ ಸಮಿತಿ ಕೂತು, ಗೋಡಂಬಿ ತಿಂದು, ಎದ್ದಿತು. ತೀರ್ಪು ಹೀಗಿತ್ತು. ಮಾಷ್ ಎಂದು ಇವರನ್ನು ಶಿಕ್ಷಿಸಲಾಗದು, ಯಾಕೆಂದರೆ ಯಾರೂ ನೇಮಿಸಿಲ್ಲ. ವಿದ್ಯಾರ್ಥಿ ಎಂದು ಪರೀಕ್ಷೆಗೆ ಕೂರಿಸಲಾಗದು, ಯಾಕೆಂದರೆ ಹಾಜರಿ ಇಲ್ಲ. ಹಾಜರಿ ತಿದ್ದಬಹುದು, ಆದರೆ ಅದಕ್ಕೆ ತರಗತಿಯ ಮಾಷ್ ಸಹಿ ಬೇಕು. ಅಂಥ ಮಾಷ್ ಇಲ್ಲವೆಂದು ಸಮಿತಿಯೇ ಮೊದಲನೆಯ ಪುಟದಲ್ಲಿ ತೀರ್ಮಾನಿಸಿತ್ತು. ಆದ್ದರಿಂದ ಹದಿನಾಲ್ಕನೆಯ ನಂಬರು ಮುಂದಿನ ಜೂನ್‌ನಲ್ಲಿ ಮೊದಲಿನಿಂದ ಶುರು ಮಾಡತಕ್ಕದ್ದು. ತಂಕಮಣಿ ಟೀಚರ್‌ಗೆ ಸಮಿತಿ ಏನೂ ಹೇಳಲಿಲ್ಲ, ಅವರು ಅದರ ಸದಸ್ಯೆಯಾಗಿದ್ದರು.

ಕೋತಿ ತಾನು ಕೆಟ್ಟಿದ್ದಲ್ಲದೆ ವನವನ್ನೆಲ್ಲ ಕೆಡಿಸಿತು ಎಂಬ ಮಾತು ಫಲಿತಾಂಶದ ದಿನ ನಿಜವಾಯಿತು. ಭೂವ್ಯವಸ್ಥೆಯ ಪೇಪರಿನಲ್ಲಿ ಇಪ್ಪತ್ತೆರಡೂ ಜನ ಫೇಲು. ಇಡೀ ತರಗತಿಯಲ್ಲಿ ಫೇಲಾಗದೆ ಉಳಿದವರೆಂದರೆ ಪರೀಕ್ಷೆಗೇ ಕೂರದ ಕುರುಪ್ ಒಬ್ಬರೇ. ಇದನ್ನು ಅವರು ಚಹಾದಂಗಡಿಯಲ್ಲಿ ಎರಡು ಮೂರು ಸಲ ಪ್ರಸ್ತಾಪಿಸಿದರು, ಯಾರೂ ಅಭಿನಂದಿಸಲಿಲ್ಲ. ವಾಚನಾಲಯದ ಕರಪತ್ರದಲ್ಲಿ ಅವರ ಹೆಸರು ವಂದನಾರ್ಪಣೆಯಿಂದಲೂ ಹೋಯಿತು. ಅಸ್ಸೈನಾರ್ ಮಾತ್ರ ಮೊದಲಿನಂತೆಯೇ ಮಾಷೇ ಎಂದು ಕರೆದ. "ಒಂದು ಸಲ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೆ ಅದೇನು ಮೀನಾ?"

ಜೂನ್ ಬಂತು. ಹೊರಡುವಾಗ ಜಾನು ಬಾಗಿಲಲ್ಲಿ ಅಡ್ಡ ನಿಂತರು. "ಯಾರಾದ್ರೂ ಏನಾದ್ರೂ ಕೇಳಿದ್ರೆ 'ನಾನು ವಿದ್ಯಾರ್ಥಿ' ಅನ್ನಬೇಕು. ಹೇಳಿ ನೋಡೋಣ."

"ನಾನು ವಿದ್ಯಾರ್ಥಿ."

"ಇನ್ನೊಂದು ಸಲ."

ಮೂರು ಸಲ ಹೇಳಿಸಿ ಬಿಟ್ಟರು.

ಈ ಸಲ ಕುರುಪ್ ಎಲ್ಲರಿಗಿಂತ ಮೊದಲೇ ಹೋಗಿ ಮೂರನೆಯ ಬೆಂಚಿನ ಮೂಲೆಯಲ್ಲಿ ಮುದುಡಿ ಕೂತರು. ಸುತ್ತ ಹೊಸ ಮುಖಗಳು, ಯಾರಿಗೂ ಇವರ ಪರಿಚಯವಿಲ್ಲ. ಹೊಸ ಗೆಸ್ಟ್ ಮಾಷ್ ಬಂದ. ಇಪ್ಪತ್ತಾರರ ಹುಡುಗ, ಜೀವನದ ಮೊದಲ ಕ್ಲಾಸು, ಮೂಗಿನ ತುದಿಯಲ್ಲಿ ಬೆವರು. ತರಗತಿಯ ಮೇಲೆ ಕಣ್ಣಾಡಿಸುತ್ತ ಮೂರನೆಯ ಬೆಂಚಿನ ಬಿಳಿ ತಲೆಗೆ ಬಂದವನೇ ತಡವರಿಸಿದ. ಸೀಮೆಸುಣ್ಣ ಕೈಜಾರಿತು. ಮೆಲ್ಲಗೆ ಕೆಳಗಿಳಿದು ಬಂದು, ಎರಡೂ ಕೈ ಕಟ್ಟಿಕೊಂಡು, ಪಿಸುದನಿಯಲ್ಲಿ ಕೇಳಿದ.

"ಸಾರ್... ಇನ್ಸ್‌ಪೆಕ್ಷನ್ನಿಗೆ ಬಂದಿದ್ದೀರಾ? ಮೊದಲೇ ಹೇಳಿದ್ರೆ ಸ್ವಲ್ಪ ತಯಾರಿ ಮಾಡ್ಕೊಂಡು ಬರ್ತಿದ್ದೆ."

ಇಡೀ ತರಗತಿ ತಿರುಗಿ ನೋಡಿತು. ಕುರುಪ್ ಎದ್ದು ನಿಂತರು. ಜಾನು ಕಲಿಸಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಲೆಂದೇ ಅವರು ಗಂಟಲು ಸರಿಮಾಡಿಕೊಂಡರು, ಪಂಚೆಯ ಅಂಚು ಎಳೆದುಕೊಂಡರು, ಹುಡುಗನ ಭುಜದ ಮೇಲೆ ಕೈ ಇಟ್ಟರು.

"ಪರವಾಗಿಲ್ಲ," ಅಂದರು. "ಹೆದರ್ಕೋಬೇಡಿ. ನಿಮ್ಮ ಪಾಠ ನೀವು ಮುಂದುವರಿಸಿ."